ವೀಣಾಳ ಭಾನುವಾರಗಳು, ನನ್ನ ಮುತ್ತುಗ

ಮುತ್ತುಗದ ಮೊಗ್ಗಿಗೆ ಹೂವಿನ ಬಣ್ಣವಿರುವುದಿಲ್ಲ. ಅದು ಕಂದುಗಪ್ಪು, ಮೇಲೆ ಮಖಮಲ್ಲಿನಂಥ ನವಿರು. ಹೆಬ್ಬೆರಳಿನಿಂದ ತುದಿಯ ಕಡೆಗೆ ಸವರಿದರೆ ನುಣುಪು, ತೊಟ್ಟಿನ ಕಡೆಗೆ ಸವರಿದರೆ ತುಸು ತಡೆ. ಎಲೆಯ ಚಿಗುರೂ ಮೊದಮೊದಲು ಹೀಗೇ ಕಂದಾಗಿ, ನವಿರು ಹೊತ್ತೇ ಬರುತ್ತದೆ. ಆದ್ದರಿಂದ ಕೆಳಗೆ ನಿಂತು ನೋಡಿ ಇದು ಹೂವೋ ಎಲೆಯೋ ಎಂದು ಹೇಳಲಾಗದು. ಏಣಿ ಹಾಕಿ ಹತ್ತಿ ಮುಟ್ಟಬೇಕು. ನಾನು ಹಲವು ವರ್ಷ ಹತ್ತಿ ಮುಟ್ಟಿದ್ದೇನೆ. ಪ್ರತಿ ಸಲವೂ ಎಲೆ.

ವಿಕ್ರೋಳಿಯ ಒಂದು ಕಾರ್ಖಾನೆಯ ಕಾಲೊನಿಯಲ್ಲಿ ನಾನು ತೋಟದ ಮೇಲ್ವಿಚಾರಕಿಯಾಗಿದ್ದೆ. ಸಸ್ಯಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿದ ವರ್ಷವೇ ಸೇರಿದೆ, ಕಳೆದ ವರ್ಷ ಬಿಟ್ಟೆ. ತೋಟಗಳನ್ನೆಲ್ಲ ಗುತ್ತಿಗೆಗೆ ಕೊಡುವುದೆಂದು ತೀರ್ಮಾನವಾದಾಗ ನಮಗೆ ಸ್ವಯಂ ನಿವೃತ್ತಿಯ ಅವಕಾಶ ಕೊಟ್ಟರು. ತೆಗೆದುಕೊಂಡೆ. ನನಗಿನ್ನೂ ನಲವತ್ತಾಗಿಲ್ಲ. ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನಲ್ಲಿ 'ರಿಟೈರ್ ಆದೆ' ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಕಾಯಿಲೆ ಏನೆಂದು ಕೇಳುತ್ತಾರೆ. ನನ್ನ ಕಾಲೇಜಿನಿಂದ ಈಗ ಹೊರಬರುತ್ತಿರುವ ಒಬ್ಬ ಹುಡುಗಿ, ಈ ಕೆಲಸಕ್ಕೆ ಸೇರಲೇ ಎಂದು ಕೇಳಿದಳು. ಅವಳಿಗೆ ಹೇಳಬೇಕೆಂದಿದ್ದುದು ಬಾಯಲ್ಲಿ ಬರಲಿಲ್ಲ. ಬರೆಯುವುದು ನನಗೆ ಸುಲಭ.

ಮೊದಲನೆಯದು: ಇದು ಗಿಡಗಳ ಕೆಲಸವಲ್ಲ. ಮುಕ್ಕಾಲು ಪಾಲು ಇದು ನೀರಿನ ಕೆಲಸ, ಉಳಿದದ್ದು ಮನುಷ್ಯರದ್ದು. ಎಲ್ಲಿ ನೀರು ಬಿಡಬೇಕು ಎಂಬುದನ್ನು ಯಾರಾದರೂ ಒಂದು ವಾರದಲ್ಲಿ ಕಲಿಯಬಹುದು. ಎಲ್ಲಿ ಬಿಡಬಾರದು, ಯಾವಾಗ ಬಿಡಬಾರದು ಎಂಬುದು ಕಷ್ಟ. ಅದಕ್ಕಿಂತ ಕಷ್ಟ, ಬಿಡದೆ ಇರುವುದಕ್ಕೆ ಮೇಲಿನವರ ಒಪ್ಪಿಗೆ ಪಡೆಯುವುದು.

ಎರಡನೆಯದು: ಮುಂಬಯಿಯಲ್ಲಿ ವಸಂತ ಬರುವುದಿಲ್ಲ ಎನ್ನುವವರನ್ನು ನಂಬಬೇಡಿ. ಬರುತ್ತದೆ, ಆದರೆ ಸದ್ದು ಮಾಡುವುದಿಲ್ಲ. ಸಂಕ್ರಾಂತಿ ಕಳೆದು ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಹುಲ್ಲಿನ ಮೇಲೆ ನಡೆದರೆ ಚಪ್ಪಲಿ ಒದ್ದೆಯಾಗುವುದಿಲ್ಲ. ಇಬ್ಬನಿ ನಿಂತಿದೆ ಎಂದರ್ಥ. ಅದೇ ವಾರ ಅರಳಿಮರ ಎಲೆ ಕೆಡವತೊಡಗುತ್ತದೆ, ಕಸ ಗುಡಿಸುವವರು ಬೈಯತೊಡಗುತ್ತಾರೆ. ಮಾವಿನ ಹೂವಿನ ವಾಸನೆಗೆ ನೊಣ ಬರುತ್ತದೆ. ನೀರಿನ ಟಾಂಕಿಯ ಹಿಂದೆ ಎಲ್ಲೋ ಕುಳಿತ ಕುಟ್ರುಹಕ್ಕಿ ಯಾರೋ ತಾಮ್ರದ ಹಂಡೆ ಬಡಿದಂತೆ ಒಂದೇ ಸಮನೆ ಕೂಗುತ್ತದೆ. ಇವನ್ನೆಲ್ಲ ಗಮನಿಸಿ ಸಾಲಾಗಿ ಇಟ್ಟುಕೊಂಡವರಿಗೆ ಮಾತ್ರ ವಸಂತ. ಉಳಿದವರಿಗೆ ಪಂಖದ ಗುಂಡಿಯನ್ನು ಒಂದು ಅಂಕ ಮೇಲಕ್ಕೆ ತಿರುಗಿಸುವ ಕಾಲ.

ನನ್ನ ಮೇಲಧಿಕಾರಿ ಸಬ್ನೀಸ್ ಸಾಹೇಬರು ಆಡಳಿತ ವಿಭಾಗದವರು. ಸಜ್ಜನರು, ಸದಾ ಇಸ್ತ್ರಿ ಮಾಡಿದ ಅಂಗಿ. ಅವರಿಗೆ ವಸಂತವೆಂದರೆ ಕಾಲೊನಿಯ ವಾರ್ಷಿಕ ಪುಷ್ಪ ಪ್ರದರ್ಶನದ ದಿನ.

"ಮ್ಯಾಡಮ್, ಇಪ್ಪತ್ತನೇ ತಾರೀಖು ಎಲ್ಲ ಖಿಲಾ ಹುವಾ ಚಾಹಿಯೇ," ಎನ್ನುತ್ತಿದ್ದರು, ಎಲ್ಲ ಅರಳಿರಬೇಕು ಎಂದು.

"ಸರ್, ಕೆಲವು ಹದಿನೈದಕ್ಕೆ ಅರಳುತ್ತವೆ, ಕೆಲವು ಮುಂದಿನ ತಿಂಗಳು."

"ಅವುಗಳಿಗೆ ಹೇಳಿ."

ನನ್ನ ಮೊದಲ ವರ್ಷಗಳಲ್ಲಿ ನಾವೇ ಮಡಿ ಮಾಡಿ, ಬೀಜ ಹಾಕಿ, ಸಸಿ ಕಿತ್ತು ನೆಟ್ಟು ಹೂ ಮಾಡುತ್ತಿದ್ದೆವು. ಅರ್ಧ ಕೈಕೊಡುತ್ತಿತ್ತು. ಆಮೇಲೆ ಪುಣೆಯ ಕಡೆಯಿಂದ ಟೆಂಪೋ ಬರತೊಡಗಿತು. ಅರಳಿದ ಪೆಟೂನಿಯಾ ಕುಂಡಗಳು, ಒಂದೇ ಎತ್ತರ, ಒಂದೇ ಬಣ್ಣ. ಹಿಂದಿನ ದಿನ ಇಳಿಸುವುದು, ಮರುದಿನ ಸಂಜೆ ಬಾಡಿದ್ದನ್ನು ಹೇರಿ ಕಳಿಸುವುದು. ನಮ್ಮ ಹಿರಿಯ ಮಾಲಿ ಮಾರುತಿ ಮಾಮಾ ಆ ಕುಂಡಗಳನ್ನು 'ಮದುವೆಗೆ ಬಾಡಿಗೆ ತಂದ ಪಾತ್ರೆ' ಎನ್ನುತ್ತಿದ್ದ. ನೋಡಿದವರು ನನಗೆ ಕೈಕುಲುಕಿ ಅಭಿನಂದಿಸುತ್ತಿದ್ದರು. ಕೈಕುಲುಕಿಸಿಕೊಂಡೆ. ಈ ಕೆಲಸದಲ್ಲಿ ನಿಮ್ಮದಲ್ಲದ ಹೂವಿಗೆ ಹೊಗಳಿಕೆ ಸಿಗುತ್ತದೆ. ನಿಮ್ಮ ಹೂವಿನ ಹೊಗಳಿಕೆ ಇನ್ನೊಬ್ಬರಿಗೆ ಹೋಗುತ್ತದೆ. ಇದನ್ನು ಮುಂದೆ ಹೇಳುತ್ತೇನೆ.

ಒಂದು ವರ್ಷ ಮಾತ್ರ ಟೆಂಪೋ ಬೇಡವೆಂದು ಹಟ ಹಿಡಿದೆ. ಮುಖ್ಯ ಗೇಟಿನಿಂದ ಕ್ಯಾಂಟೀನಿನವರೆಗೆ ಬೋಗನ್‌ವಿಲ್ಲಾ ಸಾಲು ಇತ್ತು. ಬೋಗನ್‌ವಿಲ್ಲಾ ಬಾಯಾರಿದಾಗ ಮಾತ್ರ ಹೂ ಬಿಡುತ್ತದೆ. ನೀರು ಕುಡಿದರೆ ಬರೀ ಎಲೆ. ವಾರಗಟ್ಟಲೆ ಒಣಗಿಸಿದೆ. ಎಲೆ ಜೋತುಬಿದ್ದವು, ತುದಿಗಳಲ್ಲಿ ಬಣ್ಣ ಇಣುಕಿತು. ಪ್ರದರ್ಶನಕ್ಕೆ ಇನ್ನೊಂದು ವಾರವಿರುವಾಗ ಸುರಕ್ಷತಾ ವಿಭಾಗದವರು ಬೆಂಕಿ ನಂದಿಸುವ ತಾಲೀಮು ಇಟ್ಟುಕೊಂಡರು. ದಪ್ಪ ಪೈಪು ಎಲ್ಲಿಗೆ ಹಿಡಿಯುವುದು? 'ಪಾಪ, ಗಿಡ ಒಣಗ್ಯಾವು' ಎಂದು ನನ್ನ ಸಾಲಿಗೇ ಹಿಡಿದರು. ನಾನು ಓಡಿ ಬರುವಷ್ಟರಲ್ಲಿ ಬುಡದಲ್ಲಿ ಕೆರೆ. ಹೆಲ್ಮೆಟ್ ಹಾಕಿದವನೊಬ್ಬ, ಉಪಕಾರ ಮಾಡಿದ ಸಂತೋಷದಲ್ಲಿ, "ಥ್ಯಾಂಕ್ಸ್ ಬೇಡ, ಮ್ಯಾಡಮ್" ಎಂದ. ಪ್ರದರ್ಶನದ ದಿನ ಸಾಲು ತುಂಬ ಹಚ್ಚಹಸಿರು. ಸಬ್ನೀಸ್ ಸಾಹೇಬರು ಬಹಳ ಹೊತ್ತು ನೋಡಿ, "ಚೆನ್ನಾಗಿದೆ. ಹೂವೆಲ್ಲಿ?" ಎಂದರು.

ಈಗ ವೀಣಾಳ ವಿಷಯ.

ವೀಣಾ ನನ್ನ ಸಹಪಾಠಿ. ಮಂಗಳೂರಿನ ಕಡೆಯವಳು, ಮನೆಯವರದು ಮಾಟುಂಗಾದಲ್ಲಿ ಹೋಟೆಲು. ಗಲ್ಲಾದ ಪಕ್ಕದಲ್ಲಿ ಬೆಳೆದವಳಾದ್ದರಿಂದ ಯಾರ ಜೊತೆ ಬೇಕಾದರೂ ಎರಡು ನಿಮಿಷದಲ್ಲಿ ಮಾತಿಗಿಳಿಯುತ್ತಾಳೆ. ಗಿಡದ ಜೊತೆಗೂ. "ಎಂತ ಮಾರಾಯ್ತಿ, ಇವತ್ತು ಮುಖ ಸಪ್ಪೆ?" ಎಂದು ಜರಿಗಿಡವನ್ನು ಕೇಳುವುದನ್ನು ನಾನು ಲ್ಯಾಬಿನಲ್ಲೇ ಕೇಳಿದ್ದೇನೆ. ನಾನು ಅಂಕಗಳಲ್ಲಿ ಅವಳಿಗಿಂತ ಮುಂದಿದ್ದೆ. ಬೇರೆ ಯಾವುದರಲ್ಲೂ ಅಲ್ಲ.

ಅವಳಿಗೆ ಬಾಂದ್ರಾದಲ್ಲಿ ಗುಡ್ಡದ ಮೇಲಿನ ಒಂದು ಖಾಸಗಿ ತೋಟದ ಕೆಲಸ ಸಿಕ್ಕಿತು. ಆ ತೋಟದಲ್ಲಿ ಒಂದು ಹಳೆಯ ಮುತ್ತುಗದ ಮರ. ನಮ್ಮ ತರಗತಿಯ ಐದು ಮಂದಿ ತೋಟದ ಕೆಲಸಗಳಿಗೆ ಹೋಗಿದ್ದೆವು. ಕೆಲಸಕ್ಕೆ ಸೇರಿದ ವರ್ಷವೇ ನಮ್ಮಲ್ಲೊಂದು ಕಟ್ಟಳೆ ಹುಟ್ಟಿತ್ತು: ಯಾರ ತೋಟದಲ್ಲಿ ಮುತ್ತುಗದ ಮೊದಲ ಹೂ ಅರಳುತ್ತದೋ ಅವಳು ಉಳಿದವರಿಗೆ ಹೇಳಬೇಕು. ಕಣ್ಣಾರೆ ಕಂಡಿರಬೇಕು, ಫೋಟೋ ನಡೆಯುವುದಿಲ್ಲ. ಆ ಭಾನುವಾರ ಉಳಿದವರೆಲ್ಲ ಡಬ್ಬಿ ಕಟ್ಟಿಕೊಂಡು ಅವಳ ಮರದ ಕೆಳಗೆ ಬರಬೇಕು. ಹೂ ಕಂಡವಳು ಮಾತ್ರ ಏನೂ ತರುವಂತಿಲ್ಲ, ಅವಳು ಅಂದು ಅತಿಥಿ.

ವರ್ಷ ವರ್ಷವೂ ವೀಣಾ. ಮಾಘ ಬಂದರೆ ಸಾಕು, ಫೋನಿನಲ್ಲಿ ಅವಳ ಸಂದೇಶ: "ಬಂತು! ಬನ್ನಿ!" ನನ್ನ ತಾಯಿ ಧಾರವಾಡದವರು. ಅವರು ಹಿಂದಿನ ದಿನವೇ ಶೇಂಗಾ ಹುರಿದು ಹೋಳಿಗೆಗೆ ಅಣಿಮಾಡುತ್ತಿದ್ದರು. ನಾನು ಆ ಡಬ್ಬಿ ಹಿಡಿದು ಲೋಕಲ್ ಏರಿ ಬಾಂದ್ರಾದಲ್ಲಿಳಿದು ಗುಡ್ಡ ಹತ್ತುತ್ತಿದ್ದೆ. ಮರ ದೂರದಿಂದಲೇ ಕಾಣುತ್ತಿತ್ತು, ಹಿಂದೆ ಸಮುದ್ರ. ಅದರ ಕೆಳಗೆ ಚಾಪೆ ಹಾಸಿ, ಕೂದಲಿಗೆ ಒಂದು ಹೂ ಸಿಕ್ಕಿಸಿಕೊಂಡು ವೀಣಾ ಕುಳಿತಿರುತ್ತಿದ್ದಳು. "ಬಂದೆಯಾ? ನಿನ್ನ ಅಮ್ಮನ ಹೋಳಿಗೆಗೋಸ್ಕರವೇ ನನ್ನ ಮರ ಬೇಗ ಹೂ ಬಿಡುವುದು!" ಎಲ್ಲರೂ ನಗುತ್ತಿದ್ದರು. ನಾನೂ.

ಆ ಮರವನ್ನು ನೆಟ್ಟವರು ಯಾರೋ. ಅವಳು ಹುಟ್ಟುವ ಮೊದಲೇ ನೆಟ್ಟಿದ್ದರು. ಅವಳು ಅದಕ್ಕೆ ಒಂದು ಚೊಂಬು ನೀರೂ ಎರೆದಿರಲಿಲ್ಲ. 'ನನ್ನ ಮರ' ಎನ್ನುತ್ತಿದ್ದಳು. ಹೊಟ್ಟೆಕಿಚ್ಚು ಎನ್ನುವ ಮಾತು ಎಷ್ಟು ನಿಖರ ಎಂದು ನನಗೆ ಗೊತ್ತಾದದ್ದು ಆ ಭಾನುವಾರಗಳಲ್ಲಿ. ಅದು ಎದೆಯಲ್ಲಿ ಇರುವುದಿಲ್ಲ, ಹೊಟ್ಟೆಯಲ್ಲೇ, ಬಲಕ್ಕೆ ಸ್ವಲ್ಪ ಮೇಲೆ.

ನನ್ನ ಮರ ನಿಜಕ್ಕೂ ನನ್ನದು. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ ವಿಕ್ರೋಳಿಯ ಹಿಂದಿನ ಗುಡ್ಡದ ಕಡೆಯಿಂದ ಮುತ್ತುಗದ ಚಪ್ಪಟೆ ಕಾಯಿಗಳನ್ನು ಆರಿಸಿ ತಂದು ಬಿತ್ತಿದೆ. ಎರಡು ಮೊಳೆತವು. ಒಂದನ್ನು ಆಡು ತಿಂದಿತು. ಇನ್ನೊಂದು ಕ್ಯಾಂಟೀನಿನ ಎದುರಿನ ಬಯಲಿನಲ್ಲಿ ಉಳಿಯಿತು. ಬಹಳ ನಿಧಾನದ ಗಿಡ ಅದು. ಮೇಲೆ ಒಂದು ಗೇಣು ಏರುವ ಮೊದಲು ಕೆಳಗೆ ಒಂದು ಮಾರು ಇಳಿಯುತ್ತದೆ. ಮಾರುತಿ ಮಾಮಾ ಅದನ್ನು 'ಹಟ್ಟೀ' ಎಂದು ಕರೆಯುತ್ತಿದ್ದ. ಹಟಮಾರಿ ಎಂದು. ನನ್ನನ್ನೂ ಹಿಂದಿನಿಂದ ಹಾಗೇ ಕರೆಯುತ್ತಿದ್ದನೆಂದು ಆಮೇಲೆ ತಿಳಿಯಿತು.

ಮರ ಆಳೆತ್ತರ ದಾಟಿದ ಮೇಲೆ ಕಷ್ಟ ಶುರುವಾಯಿತು. ಸಬ್ನೀಸ್ ಸಾಹೇಬರು ಆ ಬಯಲಿಗೆ ಲಾನ್ ಹಾಕಿಸಿದರು, ಲಾನಿಗೆ ಸ್ವಯಂಚಾಲಿತ ಚಿಮ್ಮುಗೊಳವೆ. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ವರ್ಷವಿಡೀ, ತಾನಾಗೇ. ಪೈಪು ಹಿಡಿದು ನಿಲ್ಲುವ ಕಾಲದಲ್ಲಿ ಮಾಲಿ ಮರವನ್ನು ನೋಡುತ್ತಿದ್ದ, ಬೇಡವೆನಿಸಿದರೆ ಪೈಪು ತಿರುಗಿಸುತ್ತಿದ್ದ. ಯಂತ್ರ ತಿರುಗಿಸುವುದಿಲ್ಲ. ಮುತ್ತುಗ ಬಯಲುಸೀಮೆಯ ಮರ. ಮಳೆ ನಿಂತ ಮೇಲೆ ಅದಕ್ಕೆ ಬರ ಬೇಕು. ಬರದಲ್ಲಿ ಎಲೆ ಕಳಚಬೇಕು, ಬೆತ್ತಲೆ ನಿಲ್ಲಬೇಕು, ಆಗ ಹೂ. ನನ್ನ ಮರಕ್ಕೆ ಬರವೇ ಬರಲಿಲ್ಲ. ಮಾಘದಲ್ಲೂ ತುಂಬು ಎಲೆ ಹೊತ್ತು ಮೈತುಂಬಿಕೊಂಡು ನಿಂತಿತ್ತು. ನಮ್ಮ ಅಜ್ಜಿ ಇದ್ದಿದ್ದರೆ ಊಟಕ್ಕೆ ಪತ್ರಾವಳಿ ಹಚ್ಚಲು ಸಂತೋಷಪಡುತ್ತಿದ್ದರು.

ಮರದ ಸುತ್ತ ನೀರು ನಿಲ್ಲಿಸಬೇಕೆಂದು ಸಬ್ನೀಸ್ ಸಾಹೇಬರಿಗೆ ಎಷ್ಟೋ ಸಲ ಟಿಪ್ಪಣಿ ಬರೆದೆ, ಬೇರಿನ ಚಿತ್ರ ಸಮೇತ.

"ಹಸಿರಿನ ನಡುವೆ ಹಳದಿ ಚಕ್ರ? ದೊಡ್ಡ ಸಾಹೇಬರು ಬಂದರೆ ಏನು ಹೇಳಲಿ? ಲಾನಿಗೆ ಗಜಕರ್ಣ ಎನ್ನಲೇ?"

ಕಡೆಯ ವರ್ಷ, ಗುತ್ತಿಗೆಯ ಮಾತು ಖಚಿತವಾದ ಮೇಲೆ, ನಾನೇ ನಿಂತು ಆ ಭಾಗದ ಕೊಳವೆ ಮುಚ್ಚಿಸಿದೆ. ದಸರಾ ಕಳೆದಾಗ ಹುಲ್ಲು ಸಪ್ಪೆಯಾಯಿತು, ದೀಪಾವಳಿಗೆ ಹಳದಿ. ಸಬ್ನೀಸ್ ಸಾಹೇಬರು ಕೂಗಾಡಿದರು. ನಿವೃತ್ತಿಗೆ ಸಹಿ ಹಾಕಿದವಳನ್ನು ಏನು ಮಾಡಲಾದೀತು? ಆ ಮಾಘದಲ್ಲಿ ಮೊದಲ ಬಾರಿಗೆ ನನ್ನ ಮರ ಎಲೆ ಉದುರಿಸಿತು, ಒಂದನ್ನೂ ಉಳಿಸದೆ. ಗೆಣ್ಣುಗಳಲ್ಲಿ ಕಂದು ಮೊಳಕೆ. ಮಾರುತಿ ಮಾಮಾ ಏಣಿ ಹಿಡಿದ, ನಾನು ಹತ್ತಿದೆ. ಮುಟ್ಟಿದೆ. ಎಲೆ.

"ಕಾಯ್ ಝಾಲಂ?" ಏನಾಯಿತು ಎಂದು ಕೆಳಗಿನಿಂದ ಕೇಳಿದ.

"ಎಲೆ."

ಅವನು ಏಣಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದ. ನಾನು ಇಳಿಯಲು ಸ್ವಲ್ಪ ಹೊತ್ತು ತೆಗೆದುಕೊಂಡೆ. ಆ ಭಾನುವಾರವೂ ಬಾಂದ್ರಾಕ್ಕೆ ಡಬ್ಬಿ ಹೋಯಿತು.

ಗುತ್ತಿಗೆ ಹಿಡಿದ ಸಂಸ್ಥೆ ನಮ್ಮ ತೋಟ ನೋಡಿಕೊಳ್ಳಲು ಕಳಿಸಿದ್ದು ವೀಣಾಳನ್ನು. ಅವಳು ಬಾಂದ್ರಾ ಬಿಟ್ಟು ಆ ಸಂಸ್ಥೆಗೆ ಸೇರಿದ್ದು ನನಗೆ ಗೊತ್ತಿರಲಿಲ್ಲ. ಮಾರ್ಚ್ ಕೊನೆಯಲ್ಲಿ ತೋಟ ಒಪ್ಪಿಸುವ ದಿನ ಸಬ್ನೀಸ್ ಸಾಹೇಬರ ಕಾರಿನಿಂದ ಇಳಿದಳು. "ಅಯ್ಯೋ, ನೀನು ಹೇಳಲೇ ಇಲ್ಲ!" ಎಂದು ತಬ್ಬಿಕೊಂಡಳು. ಹೇಳಬೇಕಾಗಿದ್ದವರು ಯಾರು ಎಂಬುದನ್ನು ನಾನು ಎತ್ತಲಿಲ್ಲ.

ಮೂವರೂ ತೋಟ ಸುತ್ತಿದೆವು. ಮುತ್ತುಗದ ಹತ್ತಿರ ಬಂದಾಗ ಸಬ್ನೀಸ್ ಸಾಹೇಬರು ನಿಂತರು.

"ಇಲ್ಲಿ ಕಾರಂಜಿ ಬರುತ್ತದೆ. ನಕ್ಷೆ ತಯಾರಿದೆ. ಮರವನ್ನು ಕಡಿಯುವುದಿಲ್ಲ ಬಿಡಿ, ಪಾಲಿಕೆಯ ಅನುಮತಿ ಪಡೆದು ಪಕ್ಕಕ್ಕೆ ಸರಿಸುತ್ತೇವೆ."

ಅಷ್ಟು ಆಳ ಬೇರಿಳಿದ ಮುತ್ತುಗವನ್ನು ಸರಿಸುವುದೆಂದರೆ ಕೊಲ್ಲುವುದೇ. ಅದನ್ನು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ವೀಣಾ ನಕ್ಕುಬಿಟ್ಟಳು.

"ಸರ್, ಮದುವೆ ವಯಸ್ಸಿಗೆ ಬಂದ ಹುಡುಗಿಯನ್ನು ಯಾರಾದರೂ ಮನೆಯಿಂದ ಓಡಿಸ್ತಾರಾ? ಒಂದು ವರ್ಷ ಬಿಡಿ. ಮುಂದಿನ ಹೋಳಿವರೆಗೆ ಹೂ ಬಿಡದಿದ್ದರೆ ನಾನೇ ಕಾರಂಜಿ ಹಾಕಿಸಿ ಅದರಲ್ಲಿ ಮೊದಲು ಸ್ನಾನ ಮಾಡ್ತೇನೆ."

ಸಬ್ನೀಸ್ ಸಾಹೇಬರು ನಕ್ಕರು. ಅವರ ಹಲ್ಲು ನಾನು ನೋಡಿದ್ದು ಅದೇ ಮೊದಲು. "ಠೀಕ್ ಹೈ. ಹೋಳಿವರೆಗೆ."

ನನ್ನ ಟಿಪ್ಪಣಿಗಳು, ಬೇರಿನ ಚಿತ್ರಗಳು, ಅಷ್ಟು ವರ್ಷ. ಅವಳ ಒಂದು ಪೋಲಿ ಮಾತು.

ಅವರು ಮುಂದೆ ಹೋದ ಮೇಲೆ ವೀಣಾ ಹಳದಿ ಹುಲ್ಲನ್ನು ಕಾಲಿನಿಂದ ತಟ್ಟಿ ಕೇಳಿದಳು. "ಇಲ್ಲಿ ಮುಚ್ಚಿದ್ದೀಯಾ?"

"ಹೌದು. ಮಳೆ ನಿಂತ ಮೇಲೆ ನೀರು ಬೇಡ. ಹನಿಯೂ."

"ಆಯಿತು," ಎಂದಳು. ಅಷ್ಟೇ. ನಾನು ಕೀಲಿಗೊಂಚಲು ಕೊಟ್ಟೆ.

ಆ ಮೇಲಿನ ತಿಂಗಳುಗಳ ಬಗ್ಗೆ ನಿವೃತ್ತರಾದವರು ಸಾಮಾನ್ಯವಾಗಿ ನೆಮ್ಮದಿಯ ಮಾತು ಬರೆಯುತ್ತಾರೆ. ನನ್ನಲ್ಲಿ ಅದಿಲ್ಲ. ಬಾಲ್ಕನಿಯಲ್ಲಿ ಕುಂಡಗಳಿವೆ, ಅವು ಕುಂಡಗಳಂತೆ ಬೆಳೆಯುತ್ತವೆ. ಮಳೆಗಾಲ ಮುಗಿದದ್ದೇ ನನ್ನ ಲೆಕ್ಕಾಚಾರ ಶುರುವಾಯಿತು. ಮರ ಹೂ ಬಿಟ್ಟರೆ ಉಳಿಯುತ್ತದೆ. ಹೂ ಬಿಟ್ಟರೆ ವೀಣಾಳ ಕೈಯಲ್ಲಿ ಬಿಡುತ್ತದೆ. ಕಟ್ಟಳೆಯ ಪ್ರಕಾರ ತೋಟ ಅವಳದು, ಮೊದಲ ಹೂ ಅವಳದು, ನಾನು ಡಬ್ಬಿ ಕಟ್ಟಿಕೊಂಡು ನನ್ನದೇ ಮರದ ಕೆಳಗೆ ಅತಿಥಿಗೆ ಊಟ ಬಡಿಸಲು ಹೋಗಬೇಕು. ಹೂ ಬಿಡದಿದ್ದರೆ ಅದೆಲ್ಲ ತಪ್ಪುತ್ತದೆ, ಮರವೂ ಹೋಗುತ್ತದೆ. ಎರಡರಲ್ಲಿ ಯಾವುದು ಬೇಕೆಂದು ಪ್ರತಿ ದಿನ ಕೇಳಿಕೊಂಡೆ. ಉತ್ತರ ದಿನದಿನಕ್ಕೆ ಬದಲಾಗುತ್ತಿತ್ತು. ಮಾಘ ಹತ್ತಿರವಾದಂತೆ ಬೆಳಗಿನ ಹೊತ್ತು ಒಂದು ಉತ್ತರ, ಮಧ್ಯಾಹ್ನ ಇನ್ನೊಂದು.

ವಿಕ್ರೋಳಿಯ ಮೂಲಕ ಹೋಗುವ ಬಸ್ಸಿನ ಎಡಗಡೆ ಕಿಟಕಿಯಿಂದ, ಫ್ಲೈಓವರ್ ಇಳಿಯುವಲ್ಲಿ, ಕಾಲೊನಿಯ ಗೋಡೆಯ ಮೇಲೆ ಮರದ ನೆತ್ತಿ ಕಾಣುತ್ತದೆ. ಕೆಲಸವಿಲ್ಲದಿದ್ದರೂ ಆ ಬಸ್ಸು ಹತ್ತುತ್ತಿದ್ದೆ. ಇಬ್ಬನಿ ನಿಂತಿತು. ಕುಟ್ರುಹಕ್ಕಿ ಕೂಗಿತು. ಮರ ಎಲೆ ಉದುರಿಸಿತು. ನೆತ್ತಿಯಲ್ಲಿ ಕಂದು. ಬಸ್ಸಿನಿಂದ ಮುಟ್ಟಿ ನೋಡಲು ಬರುವುದಿಲ್ಲ.

"ದಿನಾ ಎಲ್ಲಿಗೆ ಹೋಗತಿ?" ಎಂದು ಅವ್ವ ಕೇಳಿದಳು.

"ಸುಮ್ಮನೆ."

"ಸುಮ್ಮನ ಹೋಗಾಕಿ ಎಡಗಡೀ ಸೀಟಿಗೆ ಯಾಕ ಹಟಾ ಮಾಡತಿ? ನಿನ್ನೆ ಒಬ್ಬ ಮುದುಕನ್ನ ಎಬ್ಬಿಸೀಯಂತ, ಮೂರನೇ ಮಾಳಿಗಿ ಶಾಂತಾ ನೋಡ್ಯಾಳ."

ಮುಂಬಯಿಯಲ್ಲಿ ಯಾರಿಗೂ ಯಾರ ಪರಿವೆಯಿಲ್ಲ ಎನ್ನುವುದೂ ನಂಬಬಾರದ ಮಾತು.

ಒಂದು ಶುಕ್ರವಾರ ಮಧ್ಯಾಹ್ನ ವೀಣಾ ಫೋನ್ ಮಾಡಿದಳು. ಎಂದಿನಂತೆ 'ಬಂತು' ಎಂದು ಕೂಗಲಿಲ್ಲ.

"ಏಣಿ ಹಾಕಿ ಹತ್ತಿದೆ ಮಾರಾಯ್ತಿ. ಮುಟ್ಟಿದೆ. ಹೂವೇ. ಒಂದು ಅರ್ಧ ಬಿಚ್ಚಿದೆ."

ಹಿಂದಿನಿಂದ ಮಾರುತಿ ಮಾಮಾನ ಕೆಮ್ಮು ಕೇಳಿಸಿತು. ಗುತ್ತಿಗೆಯವರ ಕೈಕೆಳಗೆ ಉಳಿದಿದ್ದ ಅವನು ಅವಳಿಗೂ ಏಣಿ ಹಿಡಿದಿದ್ದ. ಅದನ್ನೂ ನನಗೆ ಸಹಿಸಲಾಗಲಿಲ್ಲ.

"ಕೇಳ್ತಿದ್ದೀಯಾ? ಸಬ್ನೀಸರಿಗೆ ತೋರಿಸಿದೆ. ಕಾರಂಜಿ ಕ್ಯಾಂಟೀನಿನ ಹಿಂದಕ್ಕೆ ಹೋಯಿತು."

"ಒಳ್ಳೆಯದು."

"ಗುಂಪಿಗೆ ಇನ್ನೂ ಹೇಳಿಲ್ಲ. ನೀನು ಹೇಳು."

"ಕಟ್ಟಳೆ ಗೊತ್ತಿದೆಯಲ್ಲ. ತೋಟ ನಿನ್ನದು."

"ತೋಟ ನನ್ನದು, ಸರಿ. ಮರ ಯಾರದು?" ಮತ್ತೆ ಅವಳೇ, "ಬಾಂದ್ರಾದ ಮರ ನೆಟ್ಟವರನ್ನು ನಾನು ಕಂಡೇ ಇಲ್ಲ. ಯಾರನ್ನು ಕರೆಯುವುದು? ಇದನ್ನು ನೆಟ್ಟವಳ ನಂಬರ್ ನನ್ನ ಹತ್ತಿರ ಇದೆ. ನಾಳೆ ಬೆಳಿಗ್ಗೆ ಬಾ, ಗೇಟಿಗೆ ಹೇಳಿರ್ತೇನೆ," ಎಂದಳು.

ಫೋನ್ ಇಟ್ಟ ಮೇಲೆ ಮನಸ್ಸು ಹಗುರಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮರ ಉಳಿಯಿತು ಎಂದು ಬಾಲ್ಕನಿಯ ಹೊಸ್ತಿಲಲ್ಲೇ ಕುಳಿತದ್ದು ನಿಜ. ಆದರೆ ಅದರ ಬೆನ್ನಿಗೇ ಹಳೆಯ ಕಿಚ್ಚು, ಈ ಸಲ ಬೇರೆ ಕಟ್ಟಿಗೆಯ ಮೇಲೆ. ಕೊಡುವುದು ಅವಳಿಗೆ ಎಷ್ಟು ಸಲೀಸು. ಹೂ ಸಿಕ್ಕಿಸಿಕೊಂಡಷ್ಟೇ ಸಲೀಸಾಗಿ ಅದನ್ನು ತೆಗೆದು ಇನ್ನೊಬ್ಬರ ಕೈಗಿಡುತ್ತಾಳೆ. ನಾನು ಅವಳ ಜಾಗದಲ್ಲಿದ್ದಿದ್ದರೆ ಏಣಿಯಿಂದ ಇಳಿಯುವ ಮೊದಲೇ ಗುಂಪಿಗೆ ಬರೆದಿರುತ್ತಿದ್ದೆ. ಈ ಕೆಲಸಕ್ಕೆ ಬರುವ ಹುಡುಗಿಗೆ ನಾನು ಹೇಳಬಹುದಾದದ್ದು ಇಷ್ಟು: ಗಿಡ ಬೆಳೆಸುವುದು ಪುಸ್ತಕದಿಂದ ಬರುತ್ತದೆ, ಕಾಯುವುದೂ ಅಭ್ಯಾಸದಿಂದ ಬರುತ್ತದೆ. ಪಕ್ಕದ ತೋಟದಲ್ಲಿ ಮೊದಲು ಅರಳುವುದನ್ನು ನೋಡಲು ಯಾವ ತರಗತಿಯಲ್ಲೂ ಕಲಿಸುವುದಿಲ್ಲ. ನಾನು ಕಲಿತೆ ಎಂದು ಹೇಳಲಾರೆ.

ಸಂಜೆ ಅವ್ವ ಶೇಂಗಾ ಆರಿಸಲು ಕುಳಿತಳು. "ವೀಣಾನ ಫೋನ್ ಬಂದಿತ್ತಲ್ಲ. ಹೋಳಿಗಿ ಮಾಡಲೇನು?"

"ಬೇಡ."

"ಬರಿಗೈಲೆ ಹೋಗತೀಯೇನು? ಚಂದ ಕಾಣಂಗಿಲ್ಲ."

"ಕಾಣದಿದ್ದರೆ ಬೇಡ."

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು, ಜೋಗೇಶ್ವರಿಯಿಂದ ಬಸ್ಸು ಹಿಡಿದೆ. ಎಡಗಡೆ ಸೀಟು ಖಾಲಿಯಿತ್ತು, ಬಲಗಡೆ ಕುಳಿತೆ. ಗೋಡೆಯ ಆಚೆಯಿಂದ ನೆತ್ತಿ ಮಾತ್ರ ನೋಡುವುದು ನನಗೆ ಬೇಡವಾಗಿತ್ತು. ಗೇಟಿನಲ್ಲಿ ವೀಣಾ ಕಾಯುತ್ತಿದ್ದಳು. ಕೂದಲಲ್ಲಿ ಹೂವಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ಆಮೇಲೆ ಕೈ.

"ಡಬ್ಬಿ ಎಲ್ಲಿ?"

"ಈ ಸಲ ಅತಿಥಿ ನಾನು, ತರುವಂತಿಲ್ಲ. ನಾಳೆ ಭಾನುವಾರ ಎಲ್ಲರೂ ಬಂದಾಗ ನೀನು ತರಬೇಕು," ಎಂದೆ. ಕೈಬೀಸಿಕೊಂಡು ಅವಳಿಗಿಂತ ಮುಂದೆ ನಡೆದೆ. ಒಣಹುಲ್ಲಿನ ಸುತ್ತಿನ ನಡುವೆ ಮಾರುತಿ ಮಾಮಾ ಏಣಿ ಹಿಡಿದು ನಿಂತಿದ್ದ.